ಕಂಸದೊಳಗಿನ ಕಾಸು

ಗಾಲ್ಫ್ ಆಡುವ ಕೋಲುಗಳ ಸೆಟ್ಟಿಗೆ 26 ಲಕ್ಷ ರೂಪಾಯಿಯಂತೆ. ಕಾರು ಕೊಳ್ಳಲು ತಂದ ಸಾಲವನ್ನು ಪ್ರವರ್ತಕರ ಐಷಾರಾಮಕ್ಕೆ ತಿರುಗಿಸಿದ ಆರೋಪ ಹೊತ್ತ ಜೆನ್ಸಾಲ್ ಕಂಪನಿಯ ಪುರಾಣದಲ್ಲಿ ಊರೆಲ್ಲ ನಕ್ಕಿದ್ದು ಇದೇ ಅಧ್ಯಾಯಕ್ಕೆ. ನಾನೂ ನಕ್ಕೆ. ಆಮೇಲೆ ಸುಮ್ಮನಿರಲಾರದೆ ಕ್ಯಾಲ್ಕುಲೇಟರ್ ಒತ್ತಿದೆ. ಕಂಪನಿ ಕೊಂಡ 4,704 ಎಲೆಕ್ಟ್ರಿಕ್ ಕಾರುಗಳಿಗೆ ಬಿದ್ದದ್ದು 567.73 ಕೋಟಿ. ತಲಾ ಹನ್ನೆರಡು ಲಕ್ಷ ಚಿಲ್ಲರೆ. ಅಲ್ಲಿಗೆ ಒಂದು ಗಾಲ್ಫ್ ಸೆಟ್ಟು ಅಂದರೆ ಎರಡು ಕಾರು. ಮಿಕ್ಕ ಎರಡು ಲಕ್ಷ ಚೆಂಡಿಗೆ ಅಂತ ಇಟ್ಟುಕೊಳ್ಳೋಣ.

ಸಾಲ ಸಿಕ್ಕಿದ್ದು 6,400 ಕಾರಿಗೆ, 663.89 ಕೋಟಿ. ಕೊಟ್ಟವರು ಇರೆಡಾ ಮತ್ತು ಪವರ್ ಫೈನಾನ್ಸ್ ಕಾರ್ಪೊರೇಷನ್, ಎರಡೂ ಕೇಂದ್ರ ಸರ್ಕಾರದ ಕೂಸುಗಳು. ಕಂಪನಿ ತಾನು ಹಾಕಬೇಕಿದ್ದ ಪಾಲನ್ನೂ ಸೇರಿಸಿ ನೋಡಿದರೆ ಸುಮಾರು 262 ಕೋಟಿಗೆ ಲೆಕ್ಕವೇ ಇಲ್ಲ ಎನ್ನುತ್ತದೆ ಷೇರುಪೇಟೆ ಕಾಯುವ ಸೆಬಿ 2025ರ ಏಪ್ರಿಲ್ 15ರಂದು ಕೊಟ್ಟ ಮಧ್ಯಂತರ ಆದೇಶ.

ನಮ್ಮೂರ ಅಂಗಡಿ ಭಟ್ಟರ ಚಿಟ್ಟಾ ಪುಸ್ತಕದಲ್ಲಿ ಇದ್ದದ್ದು ಮೂರೇ ಮಾತು: ಜಮೆ, ಖರ್ಚು, ಶಿಲ್ಕು. ರಾತ್ರಿ ಗಲ್ಲಾಪೆಟ್ಟಿಗೆ ಸುರಿದು ಎಣಿಸುವುದು. ಎಂಟಾಣೆ ತಾಳೆಯಾಗದಿದ್ದರೆ ಭಟ್ಟರಿಗೆ ಊಟ ಸೇರುತ್ತಿರಲಿಲ್ಲ. ಪಾಪ, ಅವರಿಗೆ ನಗದು ಹರಿವಿನ ಪಟ್ಟಿ ಗೊತ್ತಿರಲಿಲ್ಲ. ಈಗಿನ ಕಂಪನಿಯ ಗಲ್ಲಾಕ್ಕೆ ಮೂರು ಖಾನೆ. ದಿನದ ವ್ಯವಹಾರದ್ದೊಂದು, ಹೂಡಿಕೆಯದೊಂದು, ಸಾಲ-ಷೇರಿನದೊಂದು. ಮೊದಲ ಖಾನೆಯಿಂದ ದುಡ್ಡು ಸೋರಿದರೆ ಷೇರುಪೇಟೆ ಮುಖ ಸಿಂಡರಿಸುತ್ತದೆ. ನಡುವಿನ ಖಾನೆಯಿಂದ ಸೋರಿದರೆ ಚಪ್ಪಾಳೆ! ಯಂತ್ರ ಕೊಂಡರು, ಕಾರು ಕೊಂಡರು, ಕಂಪನಿ ಬೆಳೆಯುತ್ತಿದೆ. ಮನುಷ್ಯ ಖರ್ಚು ಮಾಡಿ ಹೊಗಳಿಸಿಕೊಳ್ಳುವ ಜಾಗ ಲೋಕದಲ್ಲಿ ಇದೊಂದೇ ಇರಬೇಕು. ಮದುವೆ ಛತ್ರವನ್ನು ಬಿಟ್ಟರೆ.

ಹೊರಗೆ ಹೋದ ದುಡ್ಡನ್ನು ಈ ಪಟ್ಟಿಯಲ್ಲಿ ಕಂಸದೊಳಗೆ ಬರೆಯುವುದು ರೂಢಿ. ಹೆಸರಿಟ್ಟವನಿಗೆ ದೂರದೃಷ್ಟಿ ಇತ್ತು. ಕಂಸನ ಸೆರೆಯಲ್ಲಿ ಏನಾಯಿತು ಅಂತ ಹರಿಕಥೆ ಕೇಳಿದವರಿಗೆಲ್ಲ ಗೊತ್ತು. ನಡುರಾತ್ರಿ ಕಾವಲುಗಾರರಿಗೆ ಗಾಢ ನಿದ್ದೆ, ಬೀಗಗಳು ತಾವೇ ಕಳಚುತ್ತವೆ, ಬುಟ್ಟಿ ಹೊತ್ತವನಿಗೆ ಯಮುನೆ ದಾರಿ ಬಿಡುತ್ತಾಳೆ, ಬೆಳಗಾಗುವುದರೊಳಗೆ ಕೂಸು ಗೋಕುಲ ಸೇರಿರುತ್ತದೆ. ಇಲ್ಲಿ ಕಾವಲಿಗಿದ್ದವರು ಆಡಿಟರು, ಸ್ವತಂತ್ರ ನಿರ್ದೇಶಕರು, ರೇಟಿಂಗ್ ಕೊಡುವವರು. ಬುಟ್ಟಿ ಹೊತ್ತದ್ದು ಕಾರು ಮಾರುವ ಡೀಲರು ಮತ್ತು ಪ್ರವರ್ತಕರದೇ ನಂಟಿನ ಕಂಪನಿಗಳು ಎಂಬುದು ಸೆಬಿಯ ಕಥನ. ಗೋಕುಲ ಈ ಸಲ ಗುರುಗ್ರಾಮದಲ್ಲಿತ್ತು, ಕ್ಯಾಮೆಲಿಯಾಸ್ ಎಂಬ ಅಪಾರ್ಟ್‌ಮೆಂಟಿನಲ್ಲಿ.

ಹೊಸ ವಿದ್ಯೆಯೇನಲ್ಲ ಇದು. ಅಮೆರಿಕದ ಫೋನ್ ಕಂಪನಿ ವರ್ಲ್ಡ್‌ಕಾಮ್ ಬೇರೆ ಕಂಪನಿಗಳ ಫೋನ್ ಲೈನಿಗೆ ಕೊಟ್ಟ ಬಾಡಿಗೆಯನ್ನೇ ಆಸ್ತಿ ಅಂತ ಬರೆದುಕೊಂಡು 2002ರಲ್ಲಿ ಸಿಕ್ಕಿಬಿತ್ತು. ಮೊದಲ ಕಂತಿನಲ್ಲಿ ಹೊರಬಿದ್ದದ್ದೇ 380 ಕೋಟಿ ಡಾಲರು. ಹದಿನೈದು ವರ್ಷ ಬಾಡಿಗೆ ಕಟ್ಟಿದ್ದೇನೆ, ಮನೆ ನನ್ನ ಆಸ್ತಿ ಅಂತ ನಮ್ಮ ಓನರಿಗೆ ಹೇಳಿ ನೋಡಬೇಕು. ಇನ್ನು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ. 2008ರ ಡಿಸೆಂಬರ್ 16ರಂದು 160 ಕೋಟಿ ಡಾಲರ್ ಹೂಡಿಕೆ ಅಂತ ಹೊರಟರು. ಕೊಳ್ಳಹೊರಟದ್ದು ಅಧ್ಯಕ್ಷ ರಾಮಲಿಂಗ ರಾಜು ಮನೆತನದ್ದೇ, ಮೇಟಾಸ್ ಹೆಸರಿನ ಎರಡು ಕಂಪನಿ. ಸತ್ಯಂ ಹೆಸರನ್ನು ಇಂಗ್ಲಿಷಿನಲ್ಲಿ ತಿರುಗಾಮುರುಗಾ ಓದಿದರೆ ಮೇಟಾಸ್. ಇಷ್ಟು ಪ್ರಾಮಾಣಿಕ ಹೆಸರಿಟ್ಟ ಮೇಲೂ ನಾವು ಓದಿಕೊಳ್ಳದಿದ್ದರೆ ತಪ್ಪು ಯಾರದು? ಷೇರುದಾರರು ಗಲಾಟೆ ಮಾಡಿದ್ದಕ್ಕೆ ಗಂಟೆಗಳಲ್ಲೇ ವ್ಯವಹಾರ ರದ್ದಾಯಿತು. ಮೂರು ವಾರಕ್ಕೆ, ಜನವರಿ 7ಕ್ಕೆ, ರಾಮಲಿಂಗ ರಾಜು ಪತ್ರ ಬರೆದರು: ಲೆಕ್ಕದಲ್ಲಿರುವ 5,040 ಕೋಟಿ ನಗದು ಇಲ್ಲವೇ ಇಲ್ಲ. ಇಲ್ಲದ ದುಡ್ಡಿನಿಂದ ಮೇಟಾಸ್‌ನ ಇರುವ ಜಮೀನು ಕೊಂಡು ಗುಂಡಿ ಮುಚ್ಚುವ ಉಪಾಯ ಆ ಖರೀದಿ. ನಮ್ಮ ಭಟ್ಟರಾಗಿದ್ದರೆ ಅವತ್ತು ರಾತ್ರಿಯೇ ಗಲ್ಲಾ ಸುರಿದು ನೋಡುತ್ತಿದ್ದರು, ಅಷ್ಟೇ.

ಮತ್ತೆ ಜೆನ್ಸಾಲಿಗೆ ಬರುತ್ತೇನೆ. ತಾನೇ ತಯಾರಿಸುವ 30,000 ಕಾರಿಗೆ ಮುಂಗಡ ಬುಕಿಂಗ್ ಆಗಿದೆ ಅಂತ ಷೇರುಪೇಟೆಗೆ ತಿಳಿಸಿದ್ದರಲ್ಲ, ಆ ಕಾರು ತಯಾರಾಗುವ ಪುಣೆಯ ಚಾಕಣ್ ಘಟಕಕ್ಕೆ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯ ಅಧಿಕಾರಿಯೊಬ್ಬರು ಏಪ್ರಿಲ್ 9ರಂದು ಹೋದರು. ಒಳಗೆ ಇದ್ದದ್ದು ಇಬ್ಬರೋ ಮೂವರೋ ಕೆಲಸಗಾರರು. ಉತ್ಪಾದನೆ ಸೊನ್ನೆ. ಒಬ್ಬರು ಹೋಗಿ ಬಾಗಿಲು ತೆಗೆದು ನೋಡಿದ್ದಕ್ಕೆ ಇಷ್ಟು ಗೊತ್ತಾಯಿತು. ಅದಕ್ಕೆ ಮುಂಚೆ ಯಾಕೆ ಯಾರೂ ಹೋಗಲಿಲ್ಲ? ಐವತ್ತು ಸಾವಿರ ಬೆಳೆಸಾಲಕ್ಕೆ ಪಹಣಿ ಹಿಡಿದು ಮೂರು ಸಲ ಅಲೆದವರು ನನ್ನ ಮನೆಯಲ್ಲೇ ಇದ್ದಾರೆ. ಇವರಿಗೆ ನೂರಾರು ಕೋಟಿ, ಮತ್ತು ಕಾರು ಬಂತೇ ಅಂತ ಎಣಿಸಲು ಒಬ್ಬ ಗುಮಾಸ್ತನಿಲ್ಲ. ಸಾಕಾಗಿದೆ. ಬೆಂಗಳೂರಿನಲ್ಲಿ ಆ ಸಾಲದ ಕಾರುಗಳನ್ನು ಓಡಿಸುತ್ತಿದ್ದ ಟ್ಯಾಕ್ಸಿ ಕಂಪನಿ ಬ್ಲೂಸ್ಮಾರ್ಟ್ ಸೆಬಿ ಆದೇಶ ಬಂದ ವಾರವೇ ನಿಂತುಹೋಯಿತು. ಚಾಲಕರು ಮನೆಗೆ ಹೋದರು. ಅವರ ಇಎಂಐ ಯಾವ ಖಾನೆಗೆ ಬರುತ್ತದೋ.

ಆ ಕ್ಯಾಮೆಲಿಯಾಸ್ ಫ್ಲಾಟಿಗೆ ಹೋಯಿತೆನ್ನುವುದು 42.94 ಕೋಟಿ. ನನ್ನ ಕ್ಯಾಲ್ಕುಲೇಟರ್ ಪ್ರಕಾರ 355 ಕಾರು. ಪಾರ್ಕಿಂಗ್ ಎಷ್ಟಕ್ಕೆ ಕೊಡುತ್ತಾರೋ, ವಿಚಾರಿಸಬೇಕು.