ಖಾಲಿ ಮನೆಗಳ ದೇಶದಲ್ಲಿ ಬಾಡಿಗೆ ಮನೆ

ಹೋದ ತಿಂಗಳು ಟೋಕಿಯೊದಲ್ಲಿ, ಮಗಳ ಶಾಲೆಗೆ ಹತ್ತಿರವಾಗಲಿ ಅಂತ ಬೇರೆ ಮನೆ ನೋಡಲು ಹೋಗಿದ್ದೆ. ಏಜೆಂಟ್ ಹುಡುಗ ನನ್ನೆದುರಿಗೇ ಓನರ್‌ಗೆ ಫೋನ್ ಮಾಡಿದ. ನನ್ನ ಕೆಲಸ, ಸಂಬಳ ಏನನ್ನೂ ಹೇಳುವ ಮೊದಲೇ "ಗೈಕೊಕುಜಿನ್ ನೊ ಕತಾ ದೆಸುಗಾ..." ಅಂದ. ಬಂದಿರುವವರು ವಿದೇಶಿಯರು, ಪರವಾಗಿಲ್ಲವೇ ಅಂತ. ಆಚೆಯ ಉತ್ತರ ಕೇಳಿ ಫೋನಿಗೇ ತಲೆಬಾಗಿದ, ಇಟ್ಟಮೇಲೆ ನನಗೂ ತಲೆಬಾಗಿದ. ಮೂರು ಮನೆ, ಮೂರು ಸಲ ಇದೇ ಆಯಿತು. ಏಳು ವರ್ಷದಿಂದ ಇಲ್ಲಿದ್ದೇನೆ. ತೆರಿಗೆ, ಪಿಂಚಣಿ ಕಂತು ಒಂದು ದಿನವೂ ತಪ್ಪಿಸಿಲ್ಲ.

2024ರಲ್ಲಿ ಈ ದೇಶದಲ್ಲಿ ಹುಟ್ಟಿದ ಜಪಾನೀ ಮಕ್ಕಳು 7 ಲಕ್ಷವೂ ಇಲ್ಲ, ತೀರಿಕೊಂಡವರು ಸುಮಾರು 16 ಲಕ್ಷ. ವೃದ್ಧರ ಆರೈಕೆಗೆ, ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ಜನ ಬೇಕು ಅಂತ 2019ರಲ್ಲೇ ಹೊಸ ವೀಸಾ ತಂದರು. ಐದು ವರ್ಷದಲ್ಲಿ ಭಾರತದಿಂದಲೇ 50,000 ನುರಿತ ಕೆಲಸಗಾರರು ಬರಲಿ ಅಂತ 2025ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರಗಳು ಮಾತಾಡಿಕೊಂಡಿವೆ. 2023ರ ಎಣಿಕೆಯಲ್ಲಿ ಖಾಲಿ ಬಿದ್ದ ಮನೆಗಳೇ 90 ಲಕ್ಷ ಸಿಕ್ಕವು. ಆದರೂ ಇಲ್ಲಿನ ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ ವಿದೇಶಿಯರಲ್ಲಿ ನೂರಕ್ಕೆ 39 ಮಂದಿ, ವಿದೇಶಿ ಅನ್ನುವ ಕಾರಣಕ್ಕೇ ನಮಗೆ ಕೊಡಲಿಲ್ಲ ಅಂದಿದ್ದರು. ವೀಸಾ ಕೊಟ್ಟರೆ ಸ್ವಾಗತ ಮುಗಿಯಿತು ಅಂದುಕೊಂಡಿದ್ದಾರೆ. ಬಂದವನು ರಾತ್ರಿ ಎಲ್ಲಿ ಮಲಗಬೇಕು?

ನಮ್ಮ ಬೆಂಗಳೂರಿನ ಓನರ್‌ಗಳು ನೆನಪಾದರು. ಯಾವೂರು, ಯಾವ ಜನ, ಮಾಂಸ ತಿನ್ನುತ್ತೀರಾ, ಊರಿಂದ ಎಷ್ಟು ಮಂದಿ ಬಂದು ಹೋಗುತ್ತಾರೆ, ನೀರು ಎಷ್ಟು ಬಿಂದಿಗೆ ಬೇಕು, ಎಲ್ಲ ಕೇಳುತ್ತಾರೆ. ಪ್ರಾಣ ಹಿಂಡುತ್ತಾರೆ ನಿಜ. ಆದರೆ ಎದುರಿಗೆ ಕೂರಿಸಿಕೊಂಡು, ಕೈಗೆ ಕಾಫಿ ಲೋಟ ಕೊಟ್ಟು ಕೇಳುತ್ತಾರೆ. ಮಾತಾಡುತ್ತ ಹೋದರೆ ಸೋದರಮಾವನ ಊರು ಅವರ ಬೀಗರ ಊರೇ ಆಗಿರುತ್ತದೆ, ಅಡ್ವಾನ್ಸ್‌ನಲ್ಲಿ ಹತ್ತು ಸಾವಿರ ಇಳಿಯುತ್ತದೆ. ಇಲ್ಲಿ ನನ್ನನ್ನು ಬೇಡ ಅಂದವರ ಮುಖವನ್ನೇ ನಾನು ನೋಡಿಲ್ಲ. ಬೈಸಿಕೊಳ್ಳಲಿಕ್ಕಾದರೂ ಒಬ್ಬ ಮನುಷ್ಯ ಎದುರಿಗಿರಬೇಡವೇ?

ಯೂಆರ್ ಅನ್ನುವ ಅರೆಸರ್ಕಾರಿ ವಸತಿ ಸಂಸ್ಥೆ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿ ಜಾಮೀನುದಾರ ಬೇಕಿಲ್ಲ, ಓನರ್‌ಗೆ ಕೊಡುವ ಕಾಣಿಕೆ ಹಣವೂ ಇಲ್ಲ. ಟೋಕಿಯೊದ ನಿಶಿಕಸಾಯ್ ಬಡಾವಣೆಯಲ್ಲಿ ನಾವು ಭಾರತೀಯರು ಇಷ್ಟೊಂದು ಮಂದಿ ನೆಲೆಸಿರುವುದಕ್ಕೆ ಆ ಮನೆಗಳೂ ಒಂದು ಕಾರಣ. ನಾನೂ ಅಲ್ಲೇ ಇದ್ದೇನೆ. ಪಕ್ಕದ ಮನೆಯ ಅಜ್ಜಿ ಮೊದಲ ವಾರ ನಮ್ಮ ಕಸದ ಚೀಲ ಬಿಚ್ಚಿ, ಬಾಟಲಿಯ ಮುಚ್ಚಳ ಬೇರೆ, ಲೇಬಲ್ ಬೇರೆ ಅಂತ ನನ್ನ ಹೆಂಡತಿಗೆ ಕೈಹಿಡಿದು ಕಲಿಸಿದ್ದರು.

ಇನ್ನೊಂದನ್ನೂ ಬರೆಯಬೇಕು, ಮನಸ್ಸಿಲ್ಲದಿದ್ದರೂ. ನಾನು ಕಾಲೇಜಿನಲ್ಲಿದ್ದಾಗ ವಿಜಯನಗರದ ನಮ್ಮ ಮಹಡಿ ಮನೆ ಕೇಳಿಕೊಂಡು ಮಣಿಪುರದ ಇಬ್ಬರು ಹುಡುಗರು ಬಂದಿದ್ದರು. ಅಪ್ಪ ಗೇಟಿನ ಚಿಲಕ ತೆಗೆಯದೆಯೇ "ಆಗಲೇ ಕೊಟ್ಟಾಯ್ತಪ್ಪ" ಅಂದರು. ಟು-ಲೆಟ್ ಬೋರ್ಡು ಅದೇ ಗೇಟಿಗೆ ನೇತಾಡುತ್ತಿತ್ತು. ಅವತ್ತು ಅಮ್ಮ ಕಾಫಿಗೆ ಇಡಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಬಾಯಿ ಬಿಡಲಿಲ್ಲ.