ನಮಗೆ ಬೇಕಿರುವುದು ನಿಲ್ಲುವ ರೈಲು

ಮೊನ್ನೆ ಭಾನುವಾರ ಸುಮ್ನೆ ತಾಳಗುಪ್ಪಕ್ಕೆ ಹೋಗಿ ಬಂದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಜೋಗಕ್ಕೂ ಹೋಗಲಿಲ್ಲ. ಶಿವಮೊಗ್ಗ ಟೌನ್ ಸ್ಟೇಷನ್ನಿನಲ್ಲಿ ಜನರಲ್ ಟಿಕೆಟ್ ತಗೊಂಡೆ, ಕಿಟಕಿ ಪಕ್ಕ ಜಾಗ ಹಿಡಿದೆ, ತಾಳಗುಪ್ಪದಲ್ಲಿ ಇಳಿದು ಚಹಾ ಕುಡಿದೆ, ಅದೇ ರೈಲಿಗೆ ವಾಪಸ್ ಬಂದೆ. ಇಡೀ ದಿನ ಮಳೆ. "ಈ ಮಳೆಯಲ್ಲಿ ಎಲ್ಲಿಗೆ ಹೋಗಿದ್ದೆ?" ಅಂತ ಅಮ್ಮ ಕೇಳಿದರು. ರೈಲಿಗೆ ಅಂದೆ. ಅಷ್ಟು ಹೇಳಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ.

ಚಿಕ್ಕಂದಿನಿಂದ ನನಗೆ ರೈಲಿನ ಹುಚ್ಚು. ನನ್ನ ಹಾಗೇ ಹುಚ್ಚಿರುವ ಗೆಳೆಯರು ಒಂದಷ್ಟು ಜನ ಇದ್ದಾರೆ. "ನಿಮ್ಮ ತಾಳಗುಪ್ಪ ಲೈನಲ್ಲಿ ಏನಿದೆ ಮಾರಾಯ, ಸಕಲೇಶಪುರ ಘಾಟಿಗೆ ಬಾ" ಅಂತಾರೆ. ಹೋಗಿದ್ದೇನೆ. ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ, ಲೆಕ್ಕವಿಲ್ಲದಷ್ಟು ಸೇತುವೆ, ಕೆಳಗೆ ಕಾಣುವ ಕಣಿವೆ. ಬಹಳ ಚೆಂದ. ಆದರೆ ಆ ಕಾಡಿನ ನಡುವೆ ಯಾರೂ ಚೀಲ ಹಿಡಿದು ಹತ್ತುವುದಿಲ್ಲ, ಯಾರೂ ಮಗುವನ್ನು ಎತ್ತಿಕೊಂಡು ಇಳಿಯುವುದಿಲ್ಲ. ನನಗೆ ಅದೂ ಬೇಕು. ನಮ್ಮ ಲೈನಿನಲ್ಲಿ ಕುಂಸಿ ಇದೆ, ಅರಸಾಳು ಇದೆ, ಆನಂದಪುರ ಇದೆ, ಬೋರ್ಡಿನಲ್ಲಿ ಸಾಗರ ಜಂಬಗಾರು ಎಂದು ಬರೆದಿರುವ ನಮ್ಮ ಸಾಗರ ಇದೆ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ 97 ಕಿ.ಮೀ. ಒಂದೊಂದು ಸ್ಟೇಷನ್ನಿನಲ್ಲೂ ಬೋಗಿಯ ಮಾತು ಬದಲಾಗುತ್ತದೆ. ಶಿವಮೊಗ್ಗ ಬಿಡುವಾಗ ಆಸ್ಪತ್ರೆ, ಕೋರ್ಟು, ಸೈಟಿನ ರೇಟು. ಆನಂದಪುರ ದಾಟುವಷ್ಟರಲ್ಲಿ ಅಡಿಕೆಗೆ ಕೊಳೆ ರೋಗ ಬಂತಾ, ಮದ್ದು ಎಷ್ಟು ಸಲ ಹೊಡೆದಿರಿ ಅನ್ನುವ ಮಾತು ಶುರು.

ನನ್ನ ಅಜ್ಜನ ಮನೆ ಆನಂದಪುರದ ಹತ್ತಿರ. ಆಗ ಇದು ಮೀಟರ್ ಗೇಜ್. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಅದರ ಮೇಲೆ ರೈಲ್ ಬಸ್ ಓಡುತ್ತಿತ್ತು. ನೋಡದವರಿಗೆ ಹೇಳಿದರೆ ನಂಬುವುದು ಕಷ್ಟ. ಒಂದೇ ಬೋಗಿ. ಮುಂದೆ ಬಸ್ಸಿನ ಹಾಗೆ ದೊಡ್ಡ ಗಾಜು. ನಾನು ಮುಂದೆ ಹೋಗಿ ನಿಂತರೆ ಹಳಿ ನೇರ ನನ್ನ ಕಾಲಡಿಗೇ ಬಂದ ಹಾಗೆ ಕಾಣುತ್ತಿತ್ತು. ಎರಡೂ ಕಡೆಯ ಕಾಡು ಗಾಜಿಗೆ ತಾಗುವಷ್ಟು ಹತ್ತಿರ. ಹಳಿಯ ಜೋಡಣೆ ಬಂದಲ್ಲೆಲ್ಲ ಟಕ್ ಟಕ್ ಸದ್ದು. ಆ ಸದ್ದನ್ನು ಎಣಿಸುತ್ತಾ ಹೋದರೆ ರೈಲು ಎಷ್ಟು ಜೋರಾಗಿ ಓಡುತ್ತಿದೆ ಎಂದು ಅಂದಾಜು ಸಿಗುತ್ತದೆ ಅಂತ ಅಪ್ಪಯ್ಯ ಹೇಳಿಕೊಟ್ಟಿದ್ದರು. ಈಗಿನ ಹಳಿಗಳನ್ನು ಉದ್ದಕ್ಕೆ ವೆಲ್ಡ್ ಮಾಡಿರುವುದರಿಂದ ಆ ಸದ್ದು ಅಷ್ಟಾಗಿ ಇಲ್ಲ. ಸ್ಟೇಷನ್ ಹತ್ತಿರ ಬಂದು ರೈಲು ಹಳಿ ಬದಲಿಸುವಾಗ ಮಾತ್ರ ಕೇಳುತ್ತದೆ. ಆಗ ಈಗಲೂ ನನ್ನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದಿದ್ದು 1899ರಲ್ಲಿ. ಅಲ್ಲಿಂದ ಕಾಡಿನ ಒಳಗೆ ತಾಳಗುಪ್ಪ ಮುಟ್ಟುವಷ್ಟರಲ್ಲಿ 1940ರ ಹೊತ್ತಾಗಿತ್ತು. ಆಮೇಲೆ ನಮ್ಮ ಕಾಲದಲ್ಲಿ ಮೀಟರ್ ಗೇಜ್ ಹಳಿ ಕಿತ್ತರು. ಕೆಲವು ವರ್ಷ ರೈಲೇ ಇರಲಿಲ್ಲ. 2011ರಲ್ಲಿ ತಾಳಗುಪ್ಪದವರೆಗೆ ಅಗಲ ಹಳಿ, ಅಂದರೆ ಬ್ರಾಡ್‌ಗೇಜ್ ಆಯಿತು. ಈಗ ಮೇಲೆ ಕರೆಂಟಿನ ತಂತಿಯೂ ಬಂದಿದೆ. ಬೆಂಗಳೂರಿಗೆ, ಮೈಸೂರಿಗೆ ಮನೆ ಬಾಗಿಲಿಂದ ರೈಲು ಸಿಗುತ್ತದೆ. ಮೈಸೂರಿನ ರೈಲೊಂದಕ್ಕೆ 2022ರಲ್ಲಿ ಕುವೆಂಪು ಅವರ ಹೆಸರಿಟ್ಟರು. ಇದೆಲ್ಲ ನನಗೆ ಖುಷಿಯ ವಿಷಯವೇ. ಬ್ರಾಡ್‌ಗೇಜ್ ಬೇಡ ಅನ್ನುವವನು ನಾನಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ ಒಂದು ಮಾತು. ಅದನ್ನು ಮೊನ್ನೆ ಅರಸಾಳಿನಲ್ಲಿ ಹತ್ತಿದ ಒಬ್ಬ ಅಮ್ಮ ಹೇಳಿದರು.

ಅರಸಾಳು ಎಲ್ಲರಿಗೂ ಗೊತ್ತು. ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಶಂಕರ್ ನಾಗ್ ಮಾಲ್ಗುಡಿಯ ರೈಲು ನಿಲ್ದಾಣ ಅಂತ ತೋರಿಸಿದ್ದು ಇದನ್ನೇ. ಬಿದ್ದುಹೋಗುವ ಹಾಗಿದ್ದ ಹಳೇ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಆ ಕೆಲಸ ಮಾಡಿದವರಿಗೆ ಕೈ ಮುಗಿಯಬೇಕು. ಆ ದಿನ ರೈಲು ನಿಂತಾಗ ನಾನು ಬಾಗಿಲಲ್ಲೇ ಇದ್ದೆ. ಅರವತ್ತು ದಾಟಿದ ಒಬ್ಬ ಹೆಂಗಸು ಓಡೋಡಿ ಬಂದರು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ, ಒಂದು ಕೈಯಲ್ಲಿ ಕೆಸುವಿನ ಎಲೆ ತುಂಬಿದ ಚೀಲ, ಇನ್ನೊಂದರಲ್ಲಿ ಗೋಣಿ.

"ತಮ್ಮಾ, ಇದನ್ನ ಚೂರು ಹಿಡ್ಕೊ."

ಗೋಣಿ ಎಳೆದುಕೊಂಡೆ. ಒಳಗೆ ಎರಡು ಹಲಸಿನ ಹಣ್ಣು. ಬೋಗಿಯೆಲ್ಲ ಘಮ. ಸಾಗರದಲ್ಲಿ ಮಗಳ ಮನೆ, ಅಲ್ಲಿಗೆ ಹೊರಟಿದ್ದರು. ಕೊಪ್ಪೆ ಕೊಡವಿ, ಮಡಚಿ, ಸೀಟಿನ ಕೆಳಗೆ ಇಟ್ಟು ಕೂತರು. "ಬಸ್ಸಿಗಿಂತ ಇದು ಆರಾಮ ಅಲ್ವಾ ಅಮ್ಮ?" ಅಂದೆ.

"ಆರಾಮ ಹೌದು. ಫ್ರೀ ಬಸ್ಸು ನಮ್ಮೂರ ಕಡೆ ಬರಲ್ಲ. ಪ್ರೈವೇಟ್ ಬಸ್ಸಲ್ಲಿ ಗೋಣಿಗೆ ಬೇರೆ ದುಡ್ಡು ಕೇಳ್ತಾರೆ, ಕೂರಕ್ಕೆ ಜಾಗನೂ ಇಲ್ಲ. ರೈಲು ಒಳ್ಳೇದು. ಆದರೆ ಈ ರೈಲಿಗೆ ನಮ್ಮ ಹೊತ್ತು ಗೊತ್ತಿಲ್ಲ ತಮ್ಮಾ."

ನಮ್ಮ ಹೊತ್ತು ಗೊತ್ತಿಲ್ಲ. ನಾನು ಇಷ್ಟು ವರ್ಷ ಟೈಂಟೇಬಲ್ ಇಟ್ಟುಕೊಂಡು, ಮ್ಯಾಪ್ ಇಟ್ಟುಕೊಂಡು ಹೇಳಲು ಒದ್ದಾಡುತ್ತಿದ್ದ ಮಾತನ್ನು ಅವರು ಒದ್ದೆ ಸೆರಗು ಹಿಂಡುತ್ತಾ ಹೇಳಿಬಿಟ್ಟರು.

ಈ ದಾರಿಯ ರೈಲುಗಳು ಹೆಚ್ಚಿನವು ಬೆಂಗಳೂರು, ಮೈಸೂರಿನ ಲೆಕ್ಕಕ್ಕೆ ಓಡುತ್ತವೆ. ಬೆಂಗಳೂರಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು ಎಂದು ನೋಡಿಕೊಂಡು ತಾಳಗುಪ್ಪ ಬಿಡುವ ಸಮಯ ಇಡುತ್ತಾರೆ. ಕುಂಸಿಯ ಹುಡುಗಿ ಶಿವಮೊಗ್ಗದ ಕಾಲೇಜಿಗೆ ಎಷ್ಟು ಹೊತ್ತಿಗೆ ಬರಬೇಕು, ಆನಂದಪುರದ ಹುಡುಗ ಅಂಗಡಿ ಕೆಲಸ ಮುಗಿಸಿ ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕಾದ ಅರಸಾಳಿನ ಅಜ್ಜ ಎಷ್ಟು ಹೊತ್ತಿಗೆ ಇಲ್ಲಿರಬೇಕು, ಇದನ್ನು ಲೆಕ್ಕಕ್ಕೆ ತಗೊಂಡು ಓಡುವ ರೈಲು ನಮಗೆ ಬೇಕು. ಲೋಕಲ್ ರೈಲು. ಬೆಳಿಗ್ಗೆ ಒಂಬತ್ತರ ಒಳಗೆ ಶಿವಮೊಗ್ಗ ಮುಟ್ಟಿಸಿ, ಸಂಜೆ ಐದೂವರೆ ಆದ ಮೇಲೆ ವಾಪಸ್ ಹೊರಡುವ, ಸಣ್ಣ ಸ್ಟೇಷನ್ನಿನಲ್ಲೂ ನಿಲ್ಲುವ ರೈಲು.

ಲೋಕಲ್ ಅಂದರೆ ಏನು ಅಂತ ನಾನು ಕಲಿತಿದ್ದು ಮುಂಬೈಯಲ್ಲಿ. ಕೆಲಸಕ್ಕೆ ಎರಡು ವರ್ಷ ಅಲ್ಲಿದ್ದೆ. 1925ರ ಫೆಬ್ರವರಿ 3ರಂದು ವಿ.ಟಿ.ಯಿಂದ, ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನಿಂದ ಕುರ್ಲಾಗೆ ಅಲ್ಲಿನ ಮೊದಲ ಕರೆಂಟ್ ರೈಲು ಓಡಿತು. ಅವತ್ತಿನಿಂದ ಆ ಊರು ಬೆಳೆದಿದ್ದೇ ಅದರ ಹಳಿ ಹಿಡಿದುಕೊಂಡು. ನೂಕುನುಗ್ಗಲು ಭಯಂಕರ, ಅದನ್ನು ಹೊಗಳುವುದಿಲ್ಲ. ಆದರೆ ಅಲ್ಲಿ ಯಾರೂ ರೈಲು ಇದೆಯಾ ಅಂತ ಕೇಳುವುದಿಲ್ಲ, ಮುಂದಿನದು ಎಷ್ಟು ಗಂಟೆಗೆ ಅಂತ ಕೇಳುತ್ತಾರೆ. ಆ ಭರವಸೆಯ ಮೇಲೆ ದೂರದ ಊರಲ್ಲಿ ಮನೆ ಮಾಡುತ್ತಾರೆ, ಮಕ್ಕಳನ್ನು ಓದಿಸುತ್ತಾರೆ.

ಬೆಂಗಳೂರಿಗೂ ಈಗ ಉಪನಗರ ರೈಲು ಬರುತ್ತಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ನಾಲ್ಕು ದಾರಿ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೆಸರು, ಒಟ್ಟು 148 ಕಿ.ಮೀ. ಬೇಗ ಆಗಲಿ, ಅಲ್ಲಿರುವ ನಮ್ಮ ಮಕ್ಕಳಿಗೂ ಅದು ಬೇಕು. ಆದರೆ ಒಂದು ಲೆಕ್ಕ ನೋಡಿ. ಬೀರೂರಿನಿಂದ ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಹಾದು ತಾಳಗುಪ್ಪದವರೆಗೆ ಸುಮಾರು 160 ಕಿ.ಮೀ. ಬೆಂಗಳೂರಿನಲ್ಲಿ ಜಾಗ ಬಿಡಿಸಿ, ಕಂಬ ಎಬ್ಬಿಸಿ, ಹಳಿ ಹಾಕಬೇಕು. ನಮ್ಮಲ್ಲಿ ಹಳಿ ಬಿದ್ದಿದೆ, ತಂತಿ ಎಳೆದಾಗಿದೆ, ಸ್ಟೇಷನ್ ಇದೆ. ಇಲ್ಲದಿರುವುದು ನಮ್ಮ ಹೊತ್ತಿಗೆ ಬರುವ ಒಂದು ಗಾಡಿ.

ಗಾಡಿ ಅಂದರೆ ಮೆಮು, ಬೇರೆ ಇಂಜಿನ್ ಬೇಡದೆ ಕರೆಂಟಿನಲ್ಲಿ ಓಡುವ ಲೋಕಲ್ ರೈಲು. ತಾಳಗುಪ್ಪಕ್ಕೆ ಹೋದರೆ ಅದರ ಬೆಲೆ ಗೊತ್ತಾಗುತ್ತದೆ. ಅಲ್ಲಿಗೆ ಹಳಿ ಮುಗಿಯುತ್ತದೆ. ರೈಲು ನಿಂತ ಮೇಲೆ ಜನ ಎಲ್ಲ ಜೋಗದ ಗಾಡಿ ಹುಡುಕಿಕೊಂಡು ಹೊರಗೆ ಹೋದರು. ನಾನು ಛತ್ರಿ ಹಿಡಿದು ಇಂಜಿನ್ ಹತ್ತಿರ ಹೋದೆ. ಪಾಯಿಂಟ್ಸ್‌ಮನ್ ಮಳೆಕೋಟು ಹಾಕಿಕೊಂಡು ಇಂಜಿನ್ನಿಗೂ ಮೊದಲ ಬೋಗಿಗೂ ನಡುವೆ ಇಳಿದರು. ಬ್ರೇಕಿನ ಗಾಳಿ ಪೈಪು ಬಿಚ್ಚಿದಾಗ ಉಸ್ ಅಂತ ಸದ್ದು, ನೀರಿನ ತುಂತುರು ಎದ್ದಿತು. ಕೊಂಡಿ ಬಿಚ್ಚಿ ಹೊರಗೆ ಬಂದು ಕೈ ಬೀಸಿದರು. ಇಂಜಿನ್ ಒಂಟಿಯಾಗಿ ಮುಂದೆ ಹೋಯಿತು, ನಿಂತಿತು, ಪಕ್ಕದ ಹಳಿಗೆ ಬಂದು ಇಡೀ ರೈಲನ್ನು ದಾಟಿ ಹಿಂದೆ ಹೋಯಿತು. ಆ ತುದಿಯಲ್ಲಿ ಮೆಲ್ಲಗೆ, ಮೆಲ್ಲಗೆ, ಒಂದು ಆಳು ನಡೆಯುವ ವೇಗಕ್ಕಿಂತ ನಿಧಾನವಾಗಿ ಬಂದು ಕೊನೇ ಬೋಗಿಗೆ ತಾಗಿತು. ಠಣ್. ಆ ಸದ್ದು ಬೋಗಿಯಿಂದ ಬೋಗಿಗೆ ಹರಿದು ನನ್ನ ಹತ್ತಿರ ಬಂದು ನಿಂತಿತು. ನನಗೆ ಇದು ಎಷ್ಟು ಸಲ ನೋಡಿದರೂ ಸಾಲದು.

ಆದರೆ ದಿನಕ್ಕೆ ನಾಲ್ಕು ಸಲ ಓಡಾಡುವ ಲೋಕಲ್‌ಗೆ ಈ ಕೆಲಸ ಬೇಡ. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕರ ಕೋಣೆ ಇರುತ್ತದೆ. ಅವರು ಆ ತುದಿಯಿಂದ ಈ ತುದಿಗೆ ಬಂದು ಕೂತರೆ ಹೊರಡಬಹುದು. ಮೋಟಾರ್ ಕೆಲವು ಬೋಗಿಗಳ ಅಡಿಯಲ್ಲೇ ಇರುವುದರಿಂದ ಬೇಗ ಪಿಕಪ್ ತಗೊಳ್ಳುತ್ತದೆ. ಸಣ್ಣ ಸ್ಟೇಷನ್ನಿನಲ್ಲಿ ಒಂದು ನಿಮಿಷ ನಿಂತು ಹೊರಟರೂ ಹೊತ್ತು ಹಾಳಾಗುವುದು ಕಡಿಮೆ. ಮೇಲಿನ ತಂತಿಯಲ್ಲಿ ಹರಿಯುವ 25 ಸಾವಿರ ವೋಲ್ಟ್ ಅದಕ್ಕೂ ಆಗುತ್ತದೆ.

ಜನ ಬರಲ್ಲ, ನಷ್ಟ ಆಗುತ್ತದೆ ಅನ್ನುವವರಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ರೈಲು ಬಿಟ್ಟರೆ ಜನ ಹೇಗೆ ಬರುತ್ತಾರೆ? 2020ರಲ್ಲಿ ಕೊರೊನಾ ಬಂದು ಪ್ಯಾಸೆಂಜರ್ ರೈಲುಗಳು ನಿಂತವು. ಮತ್ತೆ ಶುರುವಾದಾಗ ಬಹಳಷ್ಟು ಎಕ್ಸ್‌ಪ್ರೆಸ್ ದರಕ್ಕೆ ಬಂದವು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ರೂಪಾಯಿ ಆಯಿತು. 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ನಡುವಿನ ಆ ವರ್ಷಗಳಲ್ಲಿ ಜನ ಬಸ್ಸು ಹಿಡಿದರು, ಸಾಲ ಮಾಡಿ ಬೈಕು ತಗೊಂಡರು. ಅಭ್ಯಾಸ ತಪ್ಪಿದ ಜನ ಮತ್ತೆ ಬರಬೇಕಾದರೆ ಒಂದೇ ಹೊತ್ತಿಗೆ, ದಿನಾ, ತಪ್ಪದೆ ರೈಲು ಬರಬೇಕು. ಒಂದು ವರ್ಷ ಹಾಗೆ ಓಡಿಸಿ ನೋಡಿ ಆಮೇಲೆ ಲೆಕ್ಕ ಹಾಕಲಿ.

ಸಿಂಗಲ್ ಲೈನ್ ಅನ್ನುವುದು ಮಾತ್ರ ನಿಜವಾದ ತೊಡಕು. ಎದುರಿನ ರೈಲು ಬರುವವರೆಗೆ ಕ್ರಾಸಿಂಗಿಗೆ ಕಾಯಬೇಕು. ಅದಕ್ಕೆ ಟೈಂಟೇಬಲ್ ಕೂತು ಬಿಡಿಸಬೇಕು. ಕಷ್ಟದ ಕೆಲಸ, ಆದರೆ ಆಗದ ಕೆಲಸ ಅಲ್ಲ.

ಪ್ಲಾಟ್‌ಫಾರಂ ಬಗ್ಗೆಯೂ ಹೇಳಬೇಕು. ಹೋದ ವರ್ಷ ಒಂದು ಸಣ್ಣ ನಿಲ್ದಾಣದಲ್ಲಿ, ಊರಿನ ಹೆಸರು ಬೇಡ, ಪ್ಲಾಟ್‌ಫಾರಂ ನೆಲಮಟ್ಟದಲ್ಲೇ ಇತ್ತು. ಮಂಡಿ ನೋವಿನ ಒಬ್ಬ ಅಜ್ಜಿ ಮೆಟ್ಟಿಲಿನ ಕೊನೆಯಲ್ಲಿ ನಿಂತು ಕೆಳಗೆ ನೋಡಿದರು. ಕಾಲು ಎಟುಕಲಿಲ್ಲ. ನಾನೂ ಇನ್ನೊಬ್ಬರೂ ಕೆಳಗೆ ಹಾರಿ ಅವರನ್ನು ಮಗುವಿನ ಹಾಗೆ ಎತ್ತಿ ಇಳಿಸಿದೆವು. ಮತ್ತೆ ಹತ್ತುವಷ್ಟರಲ್ಲಿ ರೈಲು ಅಲುಗಿತ್ತು. ಆ ಅಜ್ಜಿ ಇನ್ನೊಮ್ಮೆ ರೈಲು ಹತ್ತಿರಲಿಕ್ಕಿಲ್ಲ ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆ ಆದ ದಿನವೇ ಇಲ್ಲಿಂದ ಶಿಕಾರಿಪುರ, ರಾಣೆಬೆನ್ನೂರಿಗೆ ಹೊಸ ಲೈನಿನ ಶಂಕುಸ್ಥಾಪನೆಯೂ ಆಯಿತು. ಆ ಲೈನ್ ಬಂದ ದಿನ ಮೊದಲ ರೈಲಿನಲ್ಲಿ ನಾನಿರುತ್ತೇನೆ. ಅಲ್ಲಿಯವರೆಗೆ ಇರುವ ಹಳಿಯ ಮೇಲೆ ಈ ಒಂದು ಲೋಕಲ್ ಓಡಲಿ.

ಅದಕ್ಕೊಂದು ಮನವಿ ಬರೆಯುತ್ತಿದ್ದೇನೆ. ಭದ್ರಾವತಿಯಿಂದ ತಾಳಗುಪ್ಪದವರೆಗೆ ದಿನಾ ಓಡಾಡುವವರು ಯಾವ ಊರಲ್ಲಿ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಮುಟ್ಟಬೇಕು, ಇಷ್ಟು ತಿಳಿಸಿ. ನಿಮ್ಮ ಮನೆಯ ಹಿರಿಯರು ಫೇಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಅವರನ್ನು ಕೇಳಿ ನೀವೇ ಬರೆಯಿರಿ. ಅರಸಾಳಿನ ಅಮ್ಮನದು ಈಗಾಗಲೇ ಬರೆದುಕೊಂಡಿದ್ದೇನೆ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಎಂಟು ಗಂಟೆಗೆ, ಸಂಜೆ ಹಾಲು ಕರೆಯುವ ಮೊದಲು ವಾಪಸ್.