ನನ್ನ ರೊಟ್ಟಿ ಮರೆತುಹೋಗಿದೆಯಂತೆ

ಬೆಳಿಗ್ಗೆ ತಿಂದದ್ದನ್ನು ಸಂಜೆಗೆ ಮರೆಯುವ ವಯಸ್ಸು ನನಗಿನ್ನೂ ಬಂದಿಲ್ಲ. ಹೀಗಿರುವಾಗ ಬಳ್ಳಾರಿಯಲ್ಲಿ ಮೊನ್ನೆ ಒಂದು ಕರಪತ್ರ ಕೈಗೆ ಬಂತು: 'ಮರೆತುಹೋದ ಖಾದ್ಯಗಳ ಪಾಕಸ್ಪರ್ಧೆ'. ಉದಾಹರಣೆಗೆ ಎಂದು ಜೋಳದ ರೊಟ್ಟಿ, ಸಂಗಟಿ, ಗುರೆಳ್ಳು ಚಟ್ನಿ, ಪುಂಡಿ ಪಲ್ಯ ಎಂದು ಬರೆದಿದ್ದರು. ಓದಿ ಮುಗಿಸಿ ಕೈ ತೊಳೆಯಲು ಎದ್ದೆ. ಕರಪತ್ರ ಹಿಡಿದ ಬೆರಳಿಗೆ ಪುಂಡಿ ಪಲ್ಯ ಅಂಟಿತ್ತು.

ಮರೆತವರು ಯಾರು ಎಂದು ಅದರಲ್ಲಿ ಇರಲಿಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಗೊತ್ತು, ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಖಡಕ್ ರೊಟ್ಟಿ ಬರುತ್ತದೆ. ಲಕ್ಷಗಟ್ಟಲೆ ರೊಟ್ಟಿ ಬಡಿದ ಆ ಹೆಣ್ಣುಮಕ್ಕಳು ಮರೆವಿನ ಕಾಯಿಲೆಯವರಂತೆ ನನಗೆ ಕಂಡಿಲ್ಲ. ಅವರು ಮಾಡಿದ ತಪ್ಪೊಂದೇ: ರೊಟ್ಟಿಯನ್ನು ಸಿರಿಧಾನ್ಯ ಎಂದು ಕರೆಯದೆ ರೊಟ್ಟಿ ಎಂದೇ ಕರೆಯುತ್ತಾ ಬಂದದ್ದು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲೆ ಬಡವರ ಜೋಳಕ್ಕೆ ಇದ್ದಕ್ಕಿದ್ದಂತೆ ಶ್ರೀಮಂತ ನೆಂಟರು ಹುಟ್ಟಿಕೊಂಡರು. ಹೆದ್ದಾರಿಯ ಹೊಟೇಲೊಂದರಲ್ಲಿ ಅರ್ಧ ಖಡಕ್ ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ಮಸಾಲೆ ಉದುರಿಸಿ, 'ಮಿಲೆಟ್ ಕ್ರಿಸ್ಪ್' ಎಂದು ತಂದಿಟ್ಟರು. ಬೆಲೆ ನೋಡಿ ನನ್ನ ಅಜ್ಜಿಯ ನೆನಪಾಯಿತು. ಆ ಹಣಕ್ಕೆ ಅವಳು ಬುತ್ತಿ ಕಟ್ಟಿ ಕೂಲಿಯಾಳುಗಳ ಒಂದು ಗುಂಪನ್ನೇ ಹೊಲಕ್ಕೆ ಕಳಿಸುತ್ತಿದ್ದಳು.

ಇರಲಿ. ನನಗೆ ಅಡುಗೆಯ ಹುಚ್ಚು, ಸ್ಪರ್ಧೆಗೆ ಹೆಸರು ಕೊಟ್ಟೆ. ಅರ್ಜಿಯಲ್ಲಿ 'ಶ್ರೀಮತಿ' ಎಂದು ಮೊದಲೇ ಅಚ್ಚಾಗಿತ್ತು. ನಾನು 'ಮತಿ'ಯನ್ನು ಹೊಡೆದು ಹಾಕಿದೆ. "ಸರಿಯಾಗಿಯೇ ತುಂಬಿದ್ದೀರಿ" ಎಂದಳು ಹೆಂಡತಿ.

ಅಡುಗೆಯನ್ನು ಮನೆಯಲ್ಲೇ ಮಾಡಿ ತರಬೇಕು, ಹತ್ತು ಗಂಟೆಗೆ ಮೇಜಿನ ಮೇಲೆ ಜೋಡಿಸಬೇಕು ಎಂಬುದು ನಿಯಮ. ನಾನು ನಸುಕಿನಲ್ಲೇ ಎದ್ದು ಪುಂಡಿ ಸೊಪ್ಪು ಬಿಡಿಸಿ, ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಹಾಕಿ ಬೇಯಿಸಿ, ಮಸೆದು, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟೆ. ಆಮೇಲೆ ರೊಟ್ಟಿ. ಗೋಧಿಯ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿದರೆ ಮಾತ್ರ ಹಿಟ್ಟು ಒಂದಾಗುತ್ತದೆ, ಅದೂ ಹಿಟ್ಟು ಹೊಸದಾಗಿ ಬೀಸಿದ್ದಾಗಿದ್ದರೆ. ನಾದಿ, ಬಡಿದು, ಹಂಚಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಮೇಲೆ ನೀರು ಸವರಿ, ತಿರುವಿ ಹಾಕಿದಾಗ ಅದು ಉಬ್ಬುವ ಆ ಗಳಿಗೆ ಇದೆಯಲ್ಲ, ರೊಟ್ಟಿಗೆ ಬಹುಮಾನ ಕೊಡುವುದಾದರೆ ಆಗಲೇ ಕೊಡಬೇಕು. ಅಲ್ಲಿಂದ ಮುಂದೆ ರೊಟ್ಟಿಯದು ಇಳಿವಯಸ್ಸು.

ಹತ್ತಕ್ಕೆ ಜೋಡಿಸಿದ್ದಾಯಿತು. ಅತಿಥಿಗಳು ಬಂದದ್ದು ಒಂದು ಗಂಟೆಗೆ. ಪ್ರಾರ್ಥನೆ, ಸ್ವಾಗತ, ದೀಪ, ಭಾಷಣ. ಬಳ್ಳಾರಿಯ ಗಾಳಿಗೆ ದೀಪ ಮೂರು ಸಲ ಆರಿತು, ಭಾಷಣ ಒಂದು ಸಲವೂ ಆರಲಿಲ್ಲ. ಡಬ್ಬಿಯೊಳಗೆ ನನ್ನ ರೊಟ್ಟಿಗಳು ಬೆವರಿ ಒಂದಕ್ಕೊಂದು ಅಂಟಿಕೊಂಡವು.

ಪಕ್ಕದ ಮೇಜಿನಲ್ಲಿ ಕುರುಗೋಡಿನ ಕಡೆಯ ಒಬ್ಬ ಅಜ್ಜಿ ಸಂಗಟಿ, ಅಂದರೆ ನುಚ್ಚಿನ ಮುದ್ದೆ, ತಂದಿದ್ದರು. ಸಂಘದವರು ಕರೆದುಕೊಂಡು ಬಂದಿದ್ದರಂತೆ. 'ತಯಾರಿಸುವ ವಿಧಾನ'ವನ್ನು ಗ್ರಾಂ ಲೆಕ್ಕದಲ್ಲಿ ಬರೆಯಬೇಕೆಂದು ಕಾರ್ಯಕರ್ತೆಯೊಬ್ಬಳು ಅವರ ಬೆನ್ನು ಹತ್ತಿದ್ದಳು.

"ನುಚ್ಚು ಎಷ್ಟು ಹಾಕಿದಿರಿ ಅಜ್ಜಿ?"

"ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಹಿಡಿ."

"ಗ್ರಾಂನಲ್ಲಿ ಹೇಳಿ."

"ಜನರನ್ನು ತೂಕ ಮಾಡುವುದಿಲ್ಲ, ಮಗಳೇ."

ಹುಡುಗಿ 250 ಎಂದು ಬರೆದುಕೊಂಡಳು. ಆಮೇಲೆ ಅಜ್ಜಿ ಬ್ಯಾನರ್ ಕಡೆ ಬೆರಳು ಮಾಡಿ ಅದರಲ್ಲಿ ಏನು ಬರೆದಿದೆ ಎಂದು ನನ್ನನ್ನು ಕೇಳಿದರು. ಓದಿ ಹೇಳಿದೆ. "ಇದನ್ನು ಮರೆತರೆ ರಾತ್ರಿ ಉಣ್ಣುವುದೇನಪ್ಪಾ?" ಎಂದು ಗಾಬರಿಯಾದರು. ಊರಲ್ಲಿ ಯಾರೋ ಸಂಗಟಿಯನ್ನು ನಿಷೇಧಿಸಿದ್ದಾರೆ ಎಂದೇ ಅವರು ತಿಳಿದಂತಿತ್ತು.

ಎರಡೂವರೆಗೆ ತೀರ್ಪುಗಾರರು ನನ್ನ ಮೇಜಿಗೆ ಬಂದರು. ಒಬ್ಬ ಮೇಡಂ ಚಮಚದ ತುದಿಯಲ್ಲಿ ಸಾಸಿವೆಯಷ್ಟು ಪಲ್ಯ ತೆಗೆದುಕೊಂಡು ನಾಲಿಗೆಗೆ ತಾಗಿಸಿ, "ಹುಳಿ ಇದೆ" ಎಂದರು. ಪುಂಡಿ ಹುಳಿಯಾಗಿರುವುದು ನನ್ನ ಅಪರಾಧವೇ ಇರಬೇಕೆಂದು ತಲೆ ತಗ್ಗಿಸಿದೆ. ಅಲಂಕಾರಕ್ಕೆ ಏನು ಮಾಡಿದ್ದೀರಿ ಎಂದರು. ಪಕ್ಕದಲ್ಲಿ ಒಂದು ಈರುಳ್ಳಿ ಗುದ್ದಿ ಇಟ್ಟಿದ್ದೆ, ತೋರಿಸಿದೆ. ಕೊನೆಗೆ ಪಟ್ಟಿ ನೋಡಿಕೊಂಡು ಕೇಳಿದರು: "ಇದರಲ್ಲಿ ಹೊಸತನ ಏನಿದೆ ಸರ್?"

"ಮರೆತುಹೋದ ಖಾದ್ಯ ಅಲ್ಲವೇ ಮೇಡಂ?"

"ಹೌದು. ಆದರೆ ಹೊಸತನಕ್ಕೆ 20 ಅಂಕ ಇದೆ."

ಆ 20 ಅಂಕ ಎಲ್ಲಿಗೆ ಹೋಯಿತೆಂದು ಬಹುಮಾನ ಕೂಗಿದಾಗ ತಿಳಿಯಿತು. ಮೊದಲ ಬಹುಮಾನ ಸಜ್ಜೆ ಪಿಜ್ಜಾ. ಎರಡನೆಯದು ನವಣೆ ನೂಡಲ್ಸ್, ಮೇಲೆ ಕ್ಯಾರೆಟ್ಟಿನ ಗುಲಾಬಿ. ಸಂಕ್ರಾಂತಿಗೆ ಎಳ್ಳು ಹಚ್ಚಿ ಹಪ್ಪಳದಷ್ಟು ತೆಳ್ಳಗೆ ಸಜ್ಜೆ ರೊಟ್ಟಿ ಮಾಡುವ ಸೀಮೆಯಲ್ಲಿ ನಿಂತು, ಸಜ್ಜೆ ಪಿಜ್ಜಾವನ್ನು ನಮ್ಮ ಪೂರ್ವಜರು ಯಾವಾಗ ಮರೆತರು ಎಂದು ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಬಹುಶಃ ವಿಜಯನಗರದ ಕಾಲದಲ್ಲಿರಬೇಕು. ಹಂಪಿಯ ಬಜಾರಿನಲ್ಲಿ ಮುತ್ತು ರತ್ನದ ಪಕ್ಕದಲ್ಲಿ ಚೀಸನ್ನೂ ಸೇರಿನಲ್ಲಿ ಅಳೆಯುತ್ತಿದ್ದರೋ ಏನೋ.

ಪ್ರದರ್ಶನದ ತಿನಿಸುಗಳನ್ನು ಮುಟ್ಟಬಾರದೆಂದು ಫಲಕ ಇತ್ತು. ಹಾಗಾಗಿ ಎಲ್ಲರಿಗೂ ಊಟ ಹೊರಗಿನಿಂದ ಬಂದಿತ್ತು: ಬಿಳಿ ಅಕ್ಕಿಯ ಪಲಾವ್ ಮತ್ತು ಗೋಬಿ ಮಂಚೂರಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತ್ತಲ್ಲ, ಆ ಸುದ್ದಿಯನ್ನು ಈ ಗೋಬಿ ಮರೆತಿತ್ತು. ಸಿರಿಧಾನ್ಯದ ಮಹತ್ವ ಕುರಿತು ಮುಕ್ಕಾಲು ಗಂಟೆ ಮಾತನಾಡಿದವರು ಎರಡನೇ ಸಲ ಪಲಾವ್ ಹಾಕಿಸಿಕೊಂಡರು. ಅಜ್ಜಿ ಎರಡು ತುತ್ತು ತಿಂದು ತಟ್ಟೆ ಕೆಳಗಿಟ್ಟರು. ಫಲಕದ ಕಡೆ ಒಮ್ಮೆ ನೋಡಿ, ತಮ್ಮದೇ ಸಂಗಟಿಯನ್ನು ಮುರಿದು ನನ್ನ ಪುಂಡಿ ಪಲ್ಯಕ್ಕೆ ಅದ್ದಿಕೊಂಡರು. ಫಲಕ ಓದಲು ಅವರಿಗೆ ಬರುತ್ತಿರಲಿಲ್ಲ, ನಾನೂ ಓದಿ ಹೇಳಲಿಲ್ಲ. "ಉಪ್ಪು ಒಂದು ಕಾಳು ಕಡಿಮೆ" ಎಂದರು. ಕಡಿಮೆಯೇ ಇತ್ತು.

ನನಗೆ ಸಮಾಧಾನಕರ ಬಹುಮಾನ ಬಂತು: 'ಶ್ರೀಮತಿ' ಎಂದೇ ಅಚ್ಚಾದ ಪ್ರಶಸ್ತಿಪತ್ರ ಮತ್ತು ಒಂದು ಕಿಲೋ ಜೋಳದ ಹಿಟ್ಟಿನ ಪೊಟ್ಟಣ. ಆರು ತಿಂಗಳು ಕೆಡುವುದಿಲ್ಲವೆಂದು ಪೊಟ್ಟಣದ ಮೇಲಿತ್ತು. ರಾತ್ರಿ ಅದೇ ಹಿಟ್ಟಿಗೆ ಎಸರು ಹಾಕಿ ನಾದಿದೆ. ಜಿಗಿಯೇ ಇಲ್ಲ. ಹೇಗೋ ಬಡಿದು ಹಂಚಿಗೆ ಹಾಕಿದರೆ, 2021ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆ ಒಡೆದು ಹೊಸಪೇಟೆಯ ಕಡೆಯದು ವಿಜಯನಗರ ಜಿಲ್ಲೆಯಾದಂತೆ ನಡುವೆ ಸೀಳಿ ಎರಡಾಯಿತು. ಹೆಂಡತಿ ಬಗ್ಗಿ ನೋಡಿ, ಹೊಸಪೇಟೆಯ ಕಡೆಯ ತುಂಡು ದೊಡ್ಡದಿದೆ ಎಂದು ಅದನ್ನೇ ಎತ್ತಿಕೊಂಡು, ಉಳಿದ ಪಲ್ಯದ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.